ಹುಣಿಸೆ ಬೀಜದ ಎಣಿಕೆ: ಪುಟ್ಟ ಮಕ್ಕಳ ತರಗತಿಗೆ ಎರಡು ಆಟಗಳು

ನಾಲ್ಕೈದು ವರ್ಷದ ಮಕ್ಕಳಿಂದ ಒಂದರಿಂದ ಹತ್ತರವರೆಗೆ ಬಾಯಿಪಾಠ ಹೇಳಿಸುವುದು ಕಷ್ಟವಲ್ಲ. ಆದರೆ ಹಾಗೆ ಗಡಗಡನೆ ಹೇಳುವ ಮಗುವಿನ ಮುಂದೆ ಏಳು ಬೀಜಗಳನ್ನು ಚೆಲ್ಲಿ ಎಣಿಸಲು ಹೇಳಿದರೆ, ಬೆರಳು ಮೂರನೆಯ ಬೀಜದ ಮೇಲಿರುವಾಗಲೇ ಬಾಯಿ ಐದನ್ನು ದಾಟಿರುತ್ತದೆ. ಬಾಯಿ ಮತ್ತು ಬೆರಳು ಜೊತೆಯಾಗಿ ನಡೆಯುವವರೆಗೆ ಸ್ಲೇಟಿನ ಮೇಲೆ ಅಂಕಿ ತಿದ್ದಿಸಲು ಅವಸರಪಡಬಾರದು.

20 ಮಕ್ಕಳ ತರಗತಿಗೆ ಅರ್ಧ ಕಿಲೋ ಹುಣಿಸೆ ಬೀಜ ಧಾರಾಳವಾಗಿ ಸಾಕು. ತಿರುಳು ಅಂಟಿಕೊಂಡಿದ್ದರೆ ಇರುವೆ ಮುತ್ತುವುದರಿಂದ ಬೀಜಗಳನ್ನು ಚೆನ್ನಾಗಿ ತೊಳೆದು ಎರಡು ದಿನ ಬಿಸಿಲಿಗೆ ಒಣಹಾಕಿ. ಆಮೇಲೆ ಅರ್ಧದಷ್ಟನ್ನು ತೆಗೆದುಕೊಂಡು, ಚೌಕಾಬಾರಕ್ಕೆ ಮಾಡುವಂತೆಯೇ, ಒಂದು ಮಗ್ಗುಲನ್ನು ಮಾತ್ರ ಒರಟು ಕಲ್ಲಿಗೆ ಉಜ್ಜಿ ಬಿಳಿ ಮಾಡಿ.

ಮೊದಲ ಆಟಕ್ಕೆ ಉಜ್ಜಿದ ಬೀಜಗಳು ಬೇಕು. ಪ್ರತಿ ಮಗುವಿಗೂ ಐದು ಬೀಜ ಕೊಟ್ಟು, ಬೊಗಸೆಯಲ್ಲಿ ಕುಲುಕಿ ನೆಲಕ್ಕೆ ಚೆಲ್ಲಲು ಹೇಳಿ. ಮೂರು ಬಿಳಿ, ಎರಡು ಕಂದು ಬಿದ್ದರೆ ಮಗು ಅದನ್ನು ಸೀಮೆಸುಣ್ಣದಲ್ಲಿ ಚುಕ್ಕಿಗಳಾಗಿ ಬರೆಯಲಿ. ಪ್ರತಿ ಸಲವೂ ‘ಒಟ್ಟು ಎಷ್ಟು?’ ಎಂದು ಕೇಳಿ. ಮೊದಮೊದಲು ಮಕ್ಕಳು ಪ್ರತಿ ಸಲವೂ ಒಂದರಿಂದಲೇ ಎಣಿಸುತ್ತಾರೆ. ಉತ್ತರ ಹೇಳಿಕೊಡುವ ಆಸೆಯನ್ನು ಆಗ ತಡೆದುಕೊಳ್ಳಬೇಕು. ಸುಮಾರು ಒಂದು ವಾರ ಕಳೆದ ಮೇಲೆ ನನ್ನ ತರಗತಿಯ ಹುಡುಗಿಯೊಬ್ಬಳು ಎಣಿಸದೆಯೇ, ‘ಐದೇ ಅಲ್ವಾ ಮಿಸ್, ಇನ್ನೊಂದು ಎಲ್ಲಿಂದ ಬರತ್ತೆ?’ ಎಂದಳು. ಸೊನ್ನೆ ಬಿಳಿಯಿಂದ ಐದು ಬಿಳಿಯವರೆಗೆ ಆರೇ ಬಗೆಗಳಿವೆ ಎಂಬುದನ್ನೂ ಮಕ್ಕಳು ತಾವಾಗಿಯೇ ಕಂಡುಕೊಳ್ಳಬಲ್ಲರು.

ಎರಡನೆಯದು ಚೆನ್ನೆಮಣೆ, ಅಂದರೆ ಅಳಗುಳಿಮಣೆ. ಸಾಲಿಗೆ ಏಳರಂತೆ 14 ಗುಳಿಗಳು, ಗುಳಿಗೆ ನಾಲ್ಕು ಬೀಜ. ಮಣೆ ಇಲ್ಲದಿದ್ದರೆ ಅಂಗಳದ ಮಣ್ಣಿನಲ್ಲಿ ಗುಳಿ ತೋಡಿದರಾಯಿತು. ಗೆಲ್ಲುವ, ಬಾಚಿಕೊಳ್ಳುವ ನಿಯಮಗಳನ್ನು ಒಂದನೆಯ ತರಗತಿಗೆ ಬಿಟ್ಟು, ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವುದನ್ನಷ್ಟೇ ಈಗ ಆಡಿಸಿ. ಅವಸರದಲ್ಲಿ ಒಂದೇ ಗುಳಿಗೆ ಎರಡು ಬೀಜ ಬಿದ್ದಾಗ ಎದುರಿಗೆ ಕುಳಿತವರೇ ಕೂಗಿ ಹೇಳುತ್ತಾರೆ. ಟೀಚರ್ ತಿದ್ದುವ ಅಗತ್ಯವೇ ಬೀಳುವುದಿಲ್ಲ.

ಇಡೀ ತರಗತಿಗೆ ಒಟ್ಟಿಗೆ ಬೀಜ ಹಂಚಿದರೆ ಗದ್ದಲವಷ್ಟೇ ಉಳಿಯುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಗುಂಪುಗುಂಪಾಗಿ ಕೂರುವಂತೆ, ನಾಲ್ಕೈದು ಮಕ್ಕಳನ್ನು ನಿಮ್ಮ ಹತ್ತಿರ ಬೀಜಗಳೊಂದಿಗೆ ಕೂರಿಸಿಕೊಂಡು ಉಳಿದವರಿಗೆ ಜೇಡಿಮಣ್ಣನ್ನೋ ಮರಳಿನ ತಟ್ಟೆಯನ್ನೋ ಕೊಡಿ.

ಒಮ್ಮೆ ಒಂದು ಮಗು ಬೀಜವನ್ನು ಮೂಗಿಗೆ ತೂರಿಸಿಕೊಂಡು ನಾವು ಆಸ್ಪತ್ರೆಗೆ ಓಡಬೇಕಾಯಿತು. ಒದ್ದೆಯಾದ ಬೀಜ ಉಬ್ಬುವುದರಿಂದ, ಹಾಗಾದಾಗ ಪಿನ್ನು, ಕಡ್ಡಿ ಹಾಕಿ ತೆಗೆಯಲು ಹೋಗದೆ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಮೂರು ವರ್ಷದೊಳಗಿನವರಿಗೆ ಬೀಜ ಕೊಡಲೇಬೇಡಿ. ದೊಡ್ಡವರಿಗೂ ಬೆಂಕಿಪೊಟ್ಟಣದಲ್ಲಿ ಎಣಿಸಿ ಕೊಟ್ಟು, ಆಟ ಮುಗಿದ ಮೇಲೆ ಅವರಿಂದಲೇ ಎಣಿಸಿ ವಾಪಸು ಪಡೆಯಿರಿ. ಅಂಕಿ ಕಲಿಸುವ ಹೊತ್ತು ಬಂದಾಗ ಅದೇ ಪೊಟ್ಟಣದ ಮೇಲೆ 5 ಎಂದು ಬರೆದು ಅಂಟಿಸಿ. ಒಳಗೆ ಎಷ್ಟಿವೆ ಎಂದು ಮಗುವಿಗೆ ಆಗಲೇ ಗೊತ್ತಿರುತ್ತದೆ.