‘ಮೆಸ್ಸೀಯ’ನ ಅರ್ಥ ತಿಳಿಯಲು ಬೈಬಲನ್ನು ಎಲ್ಲಿಂದ ಓದಬೇಕು?

ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರ ಹತ್ತಿರವಾದಂತೆ ಹಾಸನ, ಚಿಕ್ಕಮಗಳೂರಿನ ಚರ್ಚುಗಳಲ್ಲಿ ‘ಮೆಸ್ಸೀಯ’ ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಯೇಸುವಿನ ಇನ್ನೊಂದು ಹೆಸರಿರಬೇಕು ಎಂದುಕೊಂಡವರೇ ಹೆಚ್ಚು. ನಿಜದಲ್ಲಿ ಅದೊಂದು ಪದವಿ. ಅದನ್ನು ತಿಳಿಯಲು ಒಂದು ಬೈಬಲ್, ಒಂದು ಸಂಜೆಯ ಬಿಡುವು ಸಾಕು. ಆದರೆ ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಿಂದ ಶುರುಮಾಡಬೇಡಿ.

ಮೊದಲು ಒಂದನೇ ಸಮುವೇಲ, 16ನೇ ಅಧ್ಯಾಯ ತೆರೆಯಿರಿ. ಪ್ರವಾದಿ ಸಮುವೇಲ ಬೆತ್ಲೆಹೇಮಿನ ಇಷಯನ ಮನೆಗೆ ಬರುತ್ತಾನೆ. ಏಳು ಗಂಡುಮಕ್ಕಳು ಎದುರಿಗೆ ಹಾದುಹೋದರೂ ಒಬ್ಬನೂ ಆಯ್ಕೆಯಾಗುವುದಿಲ್ಲ. ಕುರಿ ಕಾಯಲು ಹೋಗಿದ್ದ ಕಿರಿಯವನನ್ನು ಕರೆಸಿ, ಕೊಂಬಿನಲ್ಲಿದ್ದ ಎಣ್ಣೆಯನ್ನು ಅವನ ತಲೆಗೆ ಸುರಿಯುತ್ತಾನೆ. ಅವನೇ ಮುಂದೆ ಇಸ್ರಾಯೇಲಿನ ರಾಜನಾದ ದಾವೀದ. ಹೀಗೆ ಅಭಿಷೇಕವಾದವನೇ ಹೀಬ್ರೂವಿನಲ್ಲಿ ಮೆಸ್ಸೀಯ, ಗ್ರೀಕಿನಲ್ಲಿ ಕ್ರಿಸ್ತ. ಅಭಿಷೇಕವೆಂದರೆ ನಮಗೆ ಶ್ರವಣಬೆಳಗೊಳ ನೆನಪಾಗುತ್ತದೆ. ಅಲ್ಲಿ ಎಲ್ಲವನ್ನೂ ತೊರೆದು ನಿಂತವನ ಮೂರ್ತಿಗೆ ಭಕ್ತರು ಸಲ್ಲಿಸುವ ಸೇವೆ ಅದು. ಇಲ್ಲಿ ಬದುಕಿರುವ ಮನುಷ್ಯನ ಹೆಗಲಿಗೆ ಹೊಣೆ ಹೊರಿಸುವ ಕ್ರಮ.

ಆಮೇಲೆ ಎರಡನೇ ಸಮುವೇಲ 7. ದಾವೀದನ ಸಿಂಹಾಸನ ಸದಾಕಾಲ ಉಳಿಯುತ್ತದೆಂಬ ವಾಗ್ದಾನ ಅಲ್ಲಿದೆ. ಆದರೆ ಕ್ರಿ.ಪೂ. 6ನೇ ಶತಮಾನದಲ್ಲಿ ಬಾಬಿಲೋನಿನವರು ಜೆರುಸಲೇಮನ್ನು ಹಾಳುಗೆಡವಿದರು, ಸಿಂಹಾಸನ ಹೋಯಿತು. ದಾವೀದನ ವಂಶದಲ್ಲಿ ಒಬ್ಬ ಬಂದೇ ಬರುತ್ತಾನೆಂಬ ನಂಬಿಕೆ ಹೋಗಲಿಲ್ಲ. ಯೇಸುವಿನ ಕಾಲಕ್ಕೆ ರೋಮನ್ನರ ಆಳ್ವಿಕೆ. ಅವರನ್ನು ಓಡಿಸುವ ರಾಜನಿಗಾಗಿ ಅನೇಕರು ಕಾದಿದ್ದರು.

ಈಗ ಮಾರ್ಕನ ಸುವಾರ್ತೆಯ 8ನೇ ಅಧ್ಯಾಯ, 27ನೇ ವಚನದಿಂದ. ಇಲ್ಲಿ ಅವಸರ ಬೇಡ. ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇಲ್ಲಿದೆ. ‘ನೀನು ಕ್ರಿಸ್ತ’ ಎನ್ನುತ್ತಾನೆ ಯೇಸುವಿನ ಶಿಷ್ಯ ಪೇತ್ರ. ಯಾರಿಗೂ ಹೇಳಬೇಡಿ ಎನ್ನುವ ಯೇಸು, ತಾನು ಯಾತನೆಪಟ್ಟು, ಕೊಲೆಯಾಗಿ, ಮೂರು ದಿನದ ಮೇಲೆ ಎದ್ದುಬರಬೇಕು ಎಂದು ಬಿಡಿಸಿ ಹೇಳುತ್ತಾನೆ. ಪೇತ್ರನಿಗೆ ಸಹಿಸಲಾಗುವುದಿಲ್ಲ, ಪಕ್ಕಕ್ಕೆ ಕರೆದು ಗದರುತ್ತಾನೆ. ಆಗ ಯೇಸು ಅವನನ್ನು ಸೈತಾನನೆಂದೇ ಕರೆಯುತ್ತಾನೆ! ಪದವಿಯನ್ನು ಸರಿಯಾಗಿ ಗುರುತಿಸಿದವನೇ ಅದರ ದಾರಿಗೆ ಅಡ್ಡ ನಿಂತಿದ್ದ. ಕ್ರೈಸ್ತರ ನಂಬಿಕೆಯಲ್ಲಿ ಶಿಲುಬೆಯನ್ನು ಬಿಟ್ಟರೆ ಮೆಸ್ಸೀಯನಿಲ್ಲ.

ಇದರ ಬೆನ್ನಿಗೇ ಯೆಶಾಯ 53 ಓದಿ. ಇತರರ ಪಾಪ ಹೊತ್ತು ನರಳುವ ಸೇವಕನಲ್ಲಿ ಕ್ರೈಸ್ತರು ಯೇಸುವನ್ನು ಕಾಣುತ್ತಾರೆ. ಯೆಹೂದ್ಯರಲ್ಲಿ ಬಹುಪಾಲು ಜನ ಆ ಸೇವಕನನ್ನು ಇಸ್ರಾಯೇಲ್ ಜನಾಂಗವೆಂದೇ ಓದುತ್ತಾರೆ. ಅವರ ಧರ್ಮದಲ್ಲಿ ಮೆಸ್ಸೀಯ ಇನ್ನೂ ಬರಬೇಕಾದವನು. ಈ ವ್ಯತ್ಯಾಸವನ್ನು ಗೌರವದಿಂದಲೇ ತಿಳಿದಿರಬೇಕು. ಜೆಕರ್ಯ 9:9 ಓದಿದರೆ ಗರಿಗಳ ಭಾನುವಾರ ನೆನೆಯುವ, ಯೇಸು ಕತ್ತೆಯೇರಿ ಜೆರುಸಲೇಮಿಗೆ ಬಂದ ಸವಾರಿಯೂ ಅರ್ಥವಾದೀತು.

ಕೊನೆಗೆ ಕಣ್ಣಾರೆ ನೋಡುವ ಕೆಲಸ. 1963ರಲ್ಲಿ ರಚನೆಯಾದ ಚಿಕ್ಕಮಗಳೂರು ಕಥೋಲಿಕ ಧರ್ಮಕ್ಷೇತ್ರಕ್ಕೆ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಹಾಸನವೂ ಸೇರಿದೆ. ಕಥೋಲಿಕರಲ್ಲಿ ಈಸ್ಟರಿನ ಮುಂಚಿನ ಪವಿತ್ರ ವಾರದ ಹೊತ್ತಿಗೆ ಧರ್ಮಾಧ್ಯಕ್ಷರು (ಬಿಷಪರು) ಗುರುಗಳೊಂದಿಗೆ, ಅಂದರೆ ಪಾದ್ರಿಗಳೊಂದಿಗೆ ಸೇರಿ, ಸುಗಂಧದ ಅಂಟು ಬೆರೆಸಿದ ಆಲಿವ್ ಎಣ್ಣೆಯ ಮೇಲೆ ಉಸಿರೂದಿ ಪವಿತ್ರೀಕರಿಸುತ್ತಾರೆ. ಅದು ಊರೂರಿನ ಚರ್ಚಿಗೆ ಹೋಗುತ್ತದೆ. ಮಗುವನ್ನು ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನಕ್ಕೆ ಕರೆ ಬಂದರೆ ಮುಂದಿನ ಸಾಲಿನಲ್ಲಿ ನಿಲ್ಲಿ. ಗುರುಗಳು ನೆತ್ತಿಗೆ ಆ ಎಣ್ಣೆ ಹಚ್ಚುವಾಗ ಹೇಳುವ ಪ್ರಾರ್ಥನೆಯಲ್ಲಿ ಕ್ರಿಸ್ತನ ಮೂರು ಹೊಣೆಗಳು ಬರುತ್ತವೆ: ಯಾಜಕ, ಪ್ರವಾದಿ, ರಾಜ. ಆ ಮೂರರಲ್ಲೂ ಮಗುವಿಗೆ ಪಾಲಿದೆ.