ಕಾರ್ಡ್ ಬದಲಿಸದೆ ನೆಟ್‌ವರ್ಕ್ ದೋಷ ಹಿಡಿದ ಬಗೆ: ನನ್ನ ಅನುಭವ

ಕಾರ್ಖಾನೆಯ ಉತ್ಪಾದನಾ ಲೈನ್ ನಿಂತಾಗಲೆಲ್ಲ ಪಿಂಗ್ (ಸಾಧನ ನೆಟ್‌ವರ್ಕಿನಲ್ಲಿ ಉತ್ತರಿಸುತ್ತದೆಯೇ ಎಂದು ಕೇಳುವ ಪುಟ್ಟ ಸಂದೇಶ) ಹಾಕಿ, ಉತ್ತರ ಬಂದೊಡನೆ ‘ನೆಟ್‌ವರ್ಕ್ ಚೆನ್ನಾಗಿದೆ, ಕಾರ್ಡ್ ಹೋಗಿದೆ’ ಎಂದು ತೀರ್ಪು ಕೊಡುವ ರೂಢಿ ನಮ್ಮಲ್ಲಿತ್ತು. ನೆಟ್‌ವರ್ಕ್ ಸ್ವಿಚ್ಚಿನ ಪೋರ್ಟ್‌ಗಳ ದೋಷದ ಕೌಂಟರ್‌ಗಳನ್ನು ಡ್ರೈವ್‌ಗಳು (ಮೋಟಾರಿನ ವೇಗ ನಿಯಂತ್ರಿಸುವ ಸಾಧನಗಳು) ಓಡುವ ಸಮಯದೊಂದಿಗೆ ಜೋಡಿಸಿ ನೋಡೋಣ ಎಂದು ನಾನು ಹೇಳಿದಾಗ ಹೆಚ್ಚಿನವರು ನಕ್ಕರು. ಅಷ್ಟರೊಳಗೆ ರಿಮೋಟ್ ಐ/ಒ ಅಡಾಪ್ಟರ್ (ದೂರದ ಸಾಧನಗಳ ಸಂಕೇತಗಳನ್ನು ನೆಟ್‌ವರ್ಕಿಗೆ ಸೇರಿಸುವ ಕಾರ್ಡ್) ಎರಡು ಬಾರಿ, ಪವರ್ ಸಪ್ಲೈ ಒಮ್ಮೆ ಬದಲಾಗಿದ್ದವು. ಆ ಹಣದಲ್ಲಿ ಒಂದು ಮ್ಯಾನೇಜ್ಡ್ ಸ್ವಿಚ್ಚೂ (ಪ್ರತಿ ಪೋರ್ಟಿನ ಲೆಕ್ಕವನ್ನು ಹೊರಗಿನಿಂದ ಓದಲು ಬಿಡುವ ಸ್ವಿಚ್) ಫೈಬರ್ ಕೇಬಲಿನ ಕೆಲಸವೂ ಮುಗಿದು ಸಾಕಷ್ಟು ಮಿಗುತ್ತಿತ್ತು. ಪ್ರತಿ ಬದಲಾವಣೆಯ ನಂತರ ಕೆಲವು ದಿನ ತೊಂದರೆ ಕಾಣುತ್ತಿರಲಿಲ್ಲವಾದ್ದರಿಂದ ಎಲ್ಲರಿಗೂ ಅದೇ ಮದ್ದು ಎನಿಸಿತ್ತು. ಆ ದಿನಗಳಲ್ಲಿ ದೊಡ್ಡ ಡ್ರೈವ್ ಹೆಚ್ಚು ಓಡಿರಲಿಲ್ಲ ಎಂಬುದನ್ನು ಯಾರೂ ಗಮನಿಸಿರಲಿಲ್ಲ.

ಪಿಂಗ್ ಏಕೆ ಸಾಲದು ಎಂಬುದು ಸರಳ ಲೆಕ್ಕ. ನಮ್ಮ ಆರ್‌ಪಿಐ (ಡೇಟಾ ಕಳಿಸುವ ನಿಗದಿತ ಅಂತರ) 20 ಮಿಲಿಸೆಕೆಂಡ್, ಟೈಮ್‌ಔಟ್ ಮಲ್ಟಿಪ್ಲೈಯರ್ (ಅಂಥ ಎಷ್ಟು ಅಂತರ ಕಾಯಬೇಕೆಂಬ ಸಂಖ್ಯೆ) 4. ಅಂದರೆ 80 ಮಿಲಿಸೆಕೆಂಡ್ ಡೇಟಾ ಬಾರದಿದ್ದರೆ ಕನೆಕ್ಷನ್ ಕಡಿಯುತ್ತದೆ. ಪಿಂಗ್ ಹೋಗುವುದು ಸೆಕೆಂಡಿಗೆ ಒಂದು. ಹತ್ತನೇ ಒಂದು ಸೆಕೆಂಡಿನ ಅಡಚಣೆ ಎರಡು ಪಿಂಗ್‌ಗಳ ನಡುವೆ ಸದ್ದಿಲ್ಲದೆ ಹಾದುಹೋಗುತ್ತದೆ. ನೆಟ್‌ವರ್ಕ್ ಸಂಚಾರವನ್ನು ಸೆರೆಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ಕೂಡ ಇಲ್ಲಿ ಹೆಚ್ಚು ನೆರವಾಗಲಿಲ್ಲ, ಏಕೆಂದರೆ ಕೆಟ್ಟ ಫ್ರೇಮನ್ನು (ಡೇಟಾದ ತುಣುಕನ್ನು) ಸ್ವಿಚ್ ಒಳಗೇ ಎಸೆದುಬಿಡುತ್ತದೆ; ಸಂಚಾರದ ನಕಲು ಕೊಡುವ ಮಿರರ್ ಪೋರ್ಟಿಗೆ ಅದು ತಲುಪುವುದೇ ಇಲ್ಲ.

ಆದ್ದರಿಂದ ಮ್ಯಾನೇಜ್ಡ್ ಸ್ವಿಚ್ ಹಾಕಿ, ಎಸ್‌ಎನ್‌ಎಂಪಿ (ನೆಟ್‌ವರ್ಕ್ ಸಾಧನಗಳ ಲೆಕ್ಕ ಓದುವ ಪ್ರೋಟೊಕಾಲ್) ಮೂಲಕ ಪ್ರತಿ ಪೋರ್ಟಿನ ಸಿಆರ್‌ಸಿ ದೋಷಗಳನ್ನು (ದಾರಿಯಲ್ಲಿ ಕೆಟ್ಟ ಫ್ರೇಮ್‌ಗಳ ಎಣಿಕೆಯನ್ನು) ಹತ್ತು ಸೆಕೆಂಡಿಗೊಮ್ಮೆ ದಾಖಲಿಸಿ, ಅದೇ ಗಡಿಯಾರದಲ್ಲಿ ಯಂತ್ರಗಳನ್ನು ನಡೆಸುವ ನಿಯಂತ್ರಕವಾದ ಪಿಎಲ್‌ಸಿಯಿಂದ ಡ್ರೈವ್‌ಗಳ ರನ್ ಬಿಟ್ (ಓಡುತ್ತಿದೆಯೇ ಎಂಬ ಸಂಕೇತ) ಮತ್ತು ವೇಗವನ್ನೂ ಬರೆಸಿದೆ. ಸಿಆರ್‌ಸಿ ದೋಷವನ್ನು ಎಣಿಸುವುದು ಫ್ರೇಮ್ ಪಡೆಯುವ ತುದಿಯಾದ್ದರಿಂದ ಅಡಾಪ್ಟರಿನ ಕೌಂಟರನ್ನೂ ಓದಿಸಬೇಕಾಯಿತು. ಎರಡು ದಾಖಲೆಗಳ ನಡುವಿನ ಸಮಯದ ವ್ಯತ್ಯಾಸವನ್ನು ಸರಿದೂಗಿಸುವ ನನ್ನ ವಿಧಾನವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಒಂದು ವಾರದೊಳಗೆ ಚಿತ್ರ ಸ್ಪಷ್ಟವಾಯಿತು. ಬೇರೆ ಪೋರ್ಟ್‌ಗಳು ಬಹುತೇಕ ಸೊನ್ನೆಯಲ್ಲಿದ್ದರೆ, ಒಂದರಲ್ಲಿ ಮಾತ್ರ ದೊಡ್ಡ ಡ್ರೈವ್ ವೇಗ ಏರಿಸುವಾಗ ದೋಷಗಳು ನೂರಾರು ಸಂಖ್ಯೆಯಲ್ಲಿ ಹೆಚ್ಚುತ್ತಿದ್ದವು. ಆ ಕೇಬಲ್ ಸುಮಾರು ಅರವತ್ತು ಮೀಟರ್ ದೂರ ಮೋಟಾರಿನ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಸಾಗುತ್ತಿದ್ದರಿಂದ ಮೋಟಾರ್ ಕೇಬಲಿನ ವಿದ್ಯುತ್ ಗದ್ದಲ ಅದಕ್ಕೆ ತಗಲುತ್ತಿತ್ತು. ನೆಟ್‌ವರ್ಕ್ ಕೇಬಲಿನ ಶೀಲ್ಡನ್ನು (ಗದ್ದಲ ತಡೆಯುವ ಲೋಹದ ಹೊದಿಕೆಯನ್ನು) ಬೇರೆ ಬೇರೆ ಅರ್ಥ್ ಪೊಟೆನ್ಷಿಯಲ್ (ಭೂಸಂಪರ್ಕದ ವೋಲ್ಟೇಜ್) ಇದ್ದ ಎರಡು ಪ್ಯಾನೆಲ್‌ಗಳಲ್ಲಿ ಕಟ್ಟಲಾಗಿತ್ತು. ಇನ್ನೊಂದು ಪೋರ್ಟಿನಲ್ಲಿ ಡ್ರೈವಿಗೆ ಸಂಬಂಧವೇ ಇಲ್ಲದ ಲೇಟ್ ಕೊಲಿಷನ್‌ಗಳು (ತಡವಾಗಿ ಆಗುವ ಡೇಟಾ ಡಿಕ್ಕಿಗಳು) ಸಿಕ್ಕವು: ಸಾಧನದ ತುದಿಯಲ್ಲಿ 100 ಫುಲ್ (100 ಎಂಬಿಪಿಎಸ್, ಎರಡೂ ದಿಕ್ಕಿನಲ್ಲಿ ಏಕಕಾಲಕ್ಕೆ) ಎಂದು ಬಿಗಿಮಾಡಿ ಸ್ವಿಚ್ಚಿನಲ್ಲಿ ಆಟೋ ಬಿಟ್ಟಿದ್ದರಿಂದ ಸ್ವಿಚ್ ಹಾಫ್ ಡ್ಯುಪ್ಲೆಕ್ಸಿಗೆ (ಒಮ್ಮೆಗೆ ಒಂದೇ ದಿಕ್ಕು) ಇಳಿದಿತ್ತು. ಎರಡೂ ಕಡೆ ಆಟೋ ಮಾಡಿದ್ದೇ ತಡ, ಕಾಸಿನ ಖರ್ಚಿಲ್ಲದೆ ಅದು ಮುಗಿಯಿತು.

ವಿದ್ಯುತ್ ಗದ್ದಲ ತಗಲದ ಫೈಬರಿಗೆ ಒಪ್ಪಿಗೆ ಸಿಗುವವರೆಗೆ ಕೆಲವು ಪ್ರಯೋಗ ಮಾಡಿದೆ. ಗದ್ದಲ ತಗ್ಗಿಸಲು ಕೇಬಲಿಗೆ ಹಾಕುವ ಫೆರೈಟ್ ಕೋರ್‌ಗಳಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಡ್ರೈವಿನ ಕ್ಯಾರಿಯರ್ ಫ್ರೀಕ್ವೆನ್ಸಿಯನ್ನು (ಅದು ವಿದ್ಯುತ್ತನ್ನು ಕತ್ತರಿಸಿ ಕೊಡುವ ವೇಗವನ್ನು) 8ರಿಂದ 4 ಕಿಲೋಹರ್ಟ್ಸಿಗೆ ಇಳಿಸಿದಾಗ ದೋಷಗಳು ಅರ್ಧಕ್ಕಿಂತ ಕಡಿಮೆಯಾದವು, ಆದರೆ ಮೋಟಾರಿನ ಕಿರುಚಾಟ ಆಪರೇಟರ್‌ಗಳಿಗೆ ಸಹಿಸಲಾಗಲಿಲ್ಲ. ಶೀಲ್ಡಿನ ಒಂದು ತುದಿಯನ್ನು ಬಿಚ್ಚಿ ಕೆಪಾಸಿಟರ್ ಮೂಲಕ ಅರ್ಥ್ ಮಾಡಿದ್ದು ಎಲ್ಲಕ್ಕಿಂತ ಅಗ್ಗ, ಫಲವೂ ಸಾಧಾರಣ. ಆ ಕೆಪಾಸಿಟರಿನ ಧಾರಕತೆ ಎಷ್ಟೆಂದು ಇಲ್ಲಿ ಹೇಳುವುದಿಲ್ಲ, ಕೇಬಲ್‌ನಿಂದ ಕೇಬಲಿಗೆ ಅದು ಬೇರೆಯಾಗುತ್ತದೆ.

ಕೊನೆಗೆ ಆ ಎರಡು ಪ್ಯಾನೆಲ್‌ಗಳ ನಡುವೆ ಫೈಬರ್ ಎಳೆದೆವು. ಫೈಬರನ್ನು ತಾಮ್ರದ ಕೇಬಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ತರುವವರು ಲಿಂಕ್ ಫಾಲ್ಟ್ ಪಾಸ್‌ಥ್ರೂ (ಒಂದು ಬದಿಯ ಲಿಂಕ್ ಕಡಿದರೆ ಇನ್ನೊಂದನ್ನೂ ಕಡಿಯುವ ವ್ಯವಸ್ಥೆ) ಇದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಫೈಬರ್ ತುಂಡಾದರೂ ತಾಮ್ರದ ಕಡೆಯ ದೀಪ ಹಸಿರಾಗಿಯೇ ಉಳಿಯುತ್ತದೆ. ಅಂದಿನಿಂದ ಆ ಪೋರ್ಟಿನ ಸಿಆರ್‌ಸಿ ಸೊನ್ನೆಯಲ್ಲಿದೆ. ಬಿಚ್ಚಿ ತೆಗೆದಿದ್ದ ‘ಕೆಟ್ಟ’ ಅಡಾಪ್ಟರ್‌ಗಳಲ್ಲಿ ಒಂದನ್ನು ಹಟದಿಂದ ಅಲ್ಲೇ ಹಾಕಿಸಿದ್ದೇನೆ, ಯಾವ ತಕರಾರೂ ಇಲ್ಲದೆ ಓಡುತ್ತಿದೆ.