ಕಮ್ಮಿ ಫೋಟೋ ಹಾಕಿ ಮನೆ ಮಾರಿದ ನನ್ನ ಅನುಭವ

ಮೈಸೂರಲ್ಲಿ ಬ್ರೋಕರ್ ಕೆಲಸ ಮಾಡುವವರು ನನ್ನ ಲಿಸ್ಟಿಂಗ್, ಅಂದರೆ ಮನೆ ಜಾಹೀರಾತು, ನೋಡಿದ ತಕ್ಷಣ ಗುರುತು ಹಿಡಿಯುತ್ತಾರೆ. ಒಂದು ಮನೆಗೆ ಆರೇಳು ಫೋಟೋ, ಅಷ್ಟೇ. ಬೀರು ಕಾಣಲ್ಲ, ಹಿತ್ತಲ ಬಾಗಿಲು ಕಾಣಲ್ಲ, ವಿಡಿಯೋ ಇಲ್ಲವೇ ಇಲ್ಲ. ಶುರು ಮಾಡಿದಾಗ ಜೊತೆಯವರೆಲ್ಲ ನಕ್ಕಿದ್ದರು. "ಹೆಣ್ಣು ನೋಡಕ್ಕೆ ಕರೆದು ಮುಸುಕು ಹಾಕಿ ಕೂರಿಸ್ತೀಯಲ್ಲ ಗುರು, ಯಾರು ಫೋನ್ ಮಾಡ್ತಾರೆ?" ಅಂದರು. ಈಗ ಅವರಲ್ಲೇ ಇಬ್ಬರು ತಮ್ಮ ಓನರ್‌ಗಳ ಮನೆ ಫೋಟೋಗೆ ನನ್ನನ್ನು ಕರೆಯುತ್ತಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಇದೆಲ್ಲ ಶುರುವಾಗಿದ್ದು ಒಂದು ಕ್ಯಾಲೆಂಡರ್‌ನಿಂದ. ಕುವೆಂಪುನಗರದ ಮನೆ, ಓನರ್ ಅಲ್ಲೇ ವಾಸ. ಅಡುಗೆ ಮನೆ ಫೋಟೋ ಚೆನ್ನಾಗಿ ಬಂದಿತ್ತು. ಫ್ರಿಜ್ ಪಕ್ಕ ಗೋಡೆಗೆ ಕ್ಯಾಲೆಂಡರ್. ಹಾಲಿನ ಲೆಕ್ಕದ ಗೀಟುಗಳು, ಗ್ಯಾಸ್ ಬಂದ ದಿನಕ್ಕೆ ಒಂದು ಟಿಕ್, ಕೆಳಗೆ ಮೂರು ತಾರೀಕು ಸೇರಿಸಿ ನೀಲಿ ಪೆನ್ನಲ್ಲಿ ಸುತ್ತು ಹಾಕಿ "ಧರ್ಮಸ್ಥಳ" ಅಂತ ಬರೆದಿದ್ದರು. ಪಾರ್ಟಿಯೊಬ್ಬರು (ಮನೆ ಕೊಳ್ಳಲು ಬರುವವರಿಗೆ ನಾವು ಹಾಗೇ ಅನ್ನುವುದು) ಫೋನ್ ಮಾಡಿ, "ಅವರು ಆ ವಾರ ಧರ್ಮಸ್ಥಳಕ್ಕೆ ಹೋಗಿರ್ತಾರಲ್ವಾ, ಅದಾದ ಮೇಲೆ ಬರ್ಲಾ?" ಅಂತ ಕೇಳಿದರು. ಒಳ್ಳೆ ಮನುಷ್ಯ, ಸುಮ್ನೆ ಕೇಳಿದ್ದು. ಆದರೆ ಲಿಸ್ಟಿಂಗ್‌ನಲ್ಲಿ ಕಾರ್ನರ್ ಸೈಟ್, ಪಾರ್ಕ್ ಎದುರು ಅಂತಲೂ ಇತ್ತು. ಮನೆ ಯಾವುದು, ಯಾವಾಗ ಖಾಲಿ ಇರುತ್ತದೆ, ಎರಡೂ ಒಂದೇ ಕಡೆ ಸಿಕ್ಕಿತಲ್ಲ!

ಅವತ್ತು ರಾತ್ರಿ ನನ್ನ ಹಳೆ ಫೋಟೋಗಳನ್ನೆಲ್ಲ ಜೂಮ್ ಮಾಡಿ ನೋಡಿದೆ. ಮೀಟರ್ ಬೋರ್ಡ್ ಮೇಲೆ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್. ಅಟ್ಟದ ಮೇಲೆ ಸಿಸಿಟಿವಿ ರೆಕಾರ್ಡ್ ಆಗುವ ಡಿವಿಆರ್ ಡಬ್ಬಿ. ಬಾತ್‌ರೂಮ್ ವೆಂಟಿಲೇಟರ್‌ನಲ್ಲಿ ಕೈಯಲ್ಲೇ ಎಳೆದು ತೆಗೆಯಬಹುದಾದ ಗಾಜಿನ ಪಟ್ಟಿಗಳು, ಹೊರಗೆ ಗ್ರಿಲ್ ಇಲ್ಲ. ಟಿವಿ ಪಕ್ಕದ ಕೊಕ್ಕೆಯಲ್ಲಿ ಕೀ ಗೊಂಚಲು, ಹಲ್ಲು ಎಣಿಸುವಷ್ಟು ಸ್ಪಷ್ಟ. ಕೀ ಫೋಟೋದಿಂದ ಏನಾಗುತ್ತೆ ಅಂತೀರಾ? ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2008ರಲ್ಲೇ, 195 ಅಡಿ ದೂರದ ಕಟ್ಟಡದ ಮೇಲಿಂದ ತೆಗೆದ ಫೋಟೋ ನೋಡಿ ಕೀ ಹಲ್ಲಿನ ಅಳತೆ ಹೇಳಿದ್ದರು. ನಾವು ಐದಡಿಯಿಂದ ತೆಗೆದು ನಾವೇ ಹಾಕುತ್ತೇವೆ.

ಮೊದಲು ಮಾಡಿದ್ದು ಬ್ಲರ್. ಎಡಿಟಿಂಗ್ ಆ್ಯಪ್‌ಗೆ ವರ್ಷದ ಚಂದಾ ಆರೇಳು ಸಾವಿರ ಕೊಟ್ಟೆ. ದುಡ್ಡು ದಂಡ. ಬ್ಲರ್ ಇದ್ದ ಫೋಟೋ ನೋಡಿದ ಪಾರ್ಟಿಗಳಿಗೆ ಅನುಮಾನ: "ಗೋಡೆ ಬಿರುಕು ಬಿಟ್ಟಿದೆಯಾ? ತೇವ ಮುಚ್ಚಿಟ್ಟಿದ್ದೀರಾ?" ಕಳ್ಳರಿಗಂತೂ ಅಲ್ಲೇ ಏನೋ ಇದೆ ಅಂತ ಬೆರಳು ಮಾಡಿ ತೋರಿಸಿದ ಹಾಗೆ. ಜೊತೆಗೆ ಮಸುಕು ಮಾಡಿದ್ದೆಲ್ಲ ಹೋಗಿಬಿಡುವುದೂ ಇಲ್ಲ. 2007ರಲ್ಲಿ ಇಂಟರ್‌ಪೋಲ್ ಹುಡುಕುತ್ತಿದ್ದ ಒಬ್ಬ ತನ್ನ ಮುಖವನ್ನು ಫೋಟೋದಲ್ಲಿ ಸುರುಳಿ ಸುತ್ತಿ ಹಾಕಿದ್ದ. ಜರ್ಮನಿ ಪೊಲೀಸರು ಅದನ್ನೇ ಬಿಚ್ಚಿ ಮುಖ ತೆಗೆದರು. ಸರಿ, ಕ್ರಾಪ್ ಮಾಡೋಣ ಅಂದರೆ ಅದಕ್ಕೂ ಒಂದು ಕಥೆ. ಗೂಗಲ್‌ನ ಪಿಕ್ಸೆಲ್ ಫೋನಿನಲ್ಲಿ ಕ್ರಾಪ್ ಮಾಡಿದ ಸ್ಕ್ರೀನ್‌ಶಾಟ್‌ನ ಕತ್ತರಿಸಿದ ಭಾಗ ಫೈಲ್ ಒಳಗೇ ಉಳಿಯುತ್ತಿತ್ತು ಅಂತ 2023ರಲ್ಲಿ ಬಯಲಾಯಿತು. ನಮ್ಮಲ್ಲಿ ಅರ್ಧ ಜನ ಸ್ಕ್ರೀನ್‌ಶಾಟ್ ಮೇಲೇ ವ್ಯಾಪಾರ ಮಾಡುವವರು.

ಇನ್ನೊಂದು ಪ್ರಯೋಗ ನೆನೆಸಿಕೊಂಡರೆ ಈಗಲೂ ನಗು. ಮನೆ ಒಳಗಿನ ಲೆಕ್ಕ ಯಾರಿಗೂ ಸಿಗಬಾರದು ಅಂತ ಫೋಟೋಗಳನ್ನೆಲ್ಲ ಎಡಬಲ ತಿರುಗಿಸಿ ಹಾಕಿದೆ. ಪೂರ್ವದ ಬಾಗಿಲಿನ ಮನೆ. ಆಗ್ನೇಯದಲ್ಲಿದ್ದ ಅಡುಗೆ ಮನೆ ಈಶಾನ್ಯಕ್ಕೆ ಹೋಯಿತು! "ಏನ್ ಸ್ವಾಮಿ, ದೇವಮೂಲೇಲಿ ಒಲೆ ಇಟ್ಟಿದ್ದಾರಲ್ಲ" ಅಂತ ಬೈಗುಳ. ನಾಲ್ಕೈದು ಒಳ್ಳೆ ಪಾರ್ಟಿ ಕೈತಪ್ಪಿದವು.

ಕೊನೆಗೆ ಹತ್ತಿದ್ದು ತುಂಬಾ ಸರಳ. ಎಡಿಟ್ ಮಾಡುವುದು ಬೇಡ, ಕ್ಯಾಮೆರಾ ತೆಗೆಯುವ ಮೊದಲೇ ಮನೆ ಸರಿ ಮಾಡಬೇಕು. ನನ್ನ ಹತ್ತಿರ ಒಂದು ಚೀಲ ಇದೆ, ಎರಡು ಸಾವಿರದೊಳಗೆ ಆಯಿತು. ಎರಡು ತಿಳಿ ಬಣ್ಣದ ಬೆಡ್‌ಶೀಟ್, ಬಿಳಿ ಪರದೆ, ಅಂಟು ಕೊಕ್ಕೆ, ಏನೂ ಬರೆಯದ ಕ್ಯಾಲೆಂಡರ್. ಕೀ, ಮಕ್ಕಳ ಸ್ಕೂಲ್ ಐಡಿ, ಗೋಡೆಯ ಸರ್ಟಿಫಿಕೇಟ್, ಮಾತ್ರೆ ಡಬ್ಬಿ ಎಲ್ಲ ಒಳಗೆ ಹೋಗಬೇಕು. ದೇವರ ಮನೆ ಬಾಗಿಲು ಮುಚ್ಚಿ ಕೆತ್ತನೆ ಮಾತ್ರ ತೆಗೆಯುತ್ತೇನೆ. ಬೆಳ್ಳಿ ದೀಪ ತೋರಿಸಿದರೆ ಮನೆ ರೇಟ್ ಏನೂ ಏರುವುದಿಲ್ಲ. ಬೀರು ಇರುವ ಗೋಡೆಗೆ ಬೆನ್ನು ಹಾಕಿ ನಿಲ್ಲುವುದು. ಹಾಗೆ ನಿಂತಾಗ ಎದುರಿನ ವಾರ್ಡ್‌ರೋಬ್ ಕನ್ನಡಿಯಲ್ಲಿ ಅದೇ ಬೀರು ಕಾಣಿಸದ ಹಾಗೆ ಮಾಡಲು ಒಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳಲ್ಲ, ನಾನೂ ಹೊಟ್ಟೆಪಾಡು ನೋಡಬೇಕು.

ಜಿಪಿಎಸ್ ಮ್ಯಾಪ್ ಕ್ಯಾಮೆರಾ ಆ್ಯಪ್ ಬಗ್ಗೆ ಒಂದು ಮಾತು. ಸೈಟ್ ವಿಸಿಟ್ ಮಾಡಿದ್ದಕ್ಕೆ ಸಾಕ್ಷಿ ಅಂತ ನಾವೆಲ್ಲ ಬಳಸುತ್ತೇವೆ. ಅಡ್ರೆಸ್, ಅಕ್ಷಾಂಶ, ರೇಖಾಂಶ ಫೋಟೋ ಮೇಲೇ ಅಚ್ಚಾಗಿರುತ್ತದೆ. ಅದೇ ಫೋಟೋ ಲಿಸ್ಟಿಂಗ್‌ಗೂ ಹೋಗುತ್ತದೆ. ದಯವಿಟ್ಟು ಬೇಡ. ಮಾಮೂಲಿ ಕ್ಯಾಮೆರಾದಲ್ಲೂ ಲೊಕೇಶನ್ ಆಫ್ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಲೊಕೇಶನ್ ಅಳಿಸಿಹೋಗುತ್ತದೆ. "ಕ್ಲಾರಿಟಿ ಹೋಗುತ್ತೆ, ಡಾಕ್ಯುಮೆಂಟ್ ಆಗಿ ಹಾಕಿ" ಅಂತಾರಲ್ಲ, ಆಗ ಅದೂ ಜೊತೆಗೇ ಹೋಗುತ್ತದೆ.

ಮಿಕ್ಕ ಫೋಟೋಗಳನ್ನು ಆಫೀಸಿಗೆ ಬಂದವರಿಗೆ ಟ್ಯಾಬ್‌ನಲ್ಲಿ ತೋರಿಸುತ್ತೇನೆ. ಕಳಿಸಲೇಬೇಕಾದರೆ ಒಬ್ಬೊಬ್ಬರಿಗೆ ಹೋಗುವ ಸೆಟ್‌ನಲ್ಲಿ ಒಂದು ಸಣ್ಣ ವ್ಯತ್ಯಾಸ ಇಟ್ಟಿರುತ್ತೇನೆ. ಎಲ್ಲಿ ಅಂತ ಕೇಳಬೇಡಿ. ಒಂದು ಸಲ ನನ್ನ ಫೋಟೋ ಹಾಕಿ ಯಾರೋ ಸುಳ್ಳು ಓನರ್ ಆಗಿ ಬಾಡಿಗೆ ಅಡ್ವಾನ್ಸ್ ಕೇಳುತ್ತಿದ್ದ. ಫೋಟೋ ಯಾರಿಂದ ಸೋರಿತು ಅಂತ ಅರ್ಧ ಗಂಟೆಯಲ್ಲಿ ಹಿಡಿದೆ.

ಲೆಕ್ಕಕ್ಕೆ ಬರೋಣ. ಮೊದಲು ಒಂದು ಮನೆಗೆ ನಲವತ್ತರ ಹತ್ತಿರ ಫೋನ್ ಬರುತ್ತಿತ್ತು. ಅದು ಹದಿನೈದಕ್ಕೆ ಇಳಿಯಿತು. ಮೊದಲ ಮೂರ್ನಾಲ್ಕು ತಿಂಗಳು ನಿದ್ದೆ ಇರಲಿಲ್ಲ, ಒಬ್ಬ ಓನರ್ ಮನೆಯನ್ನೇ ಬೇರೆಯವರಿಗೆ ಕೊಟ್ಟರು. ಆದರೆ ನಿಜವಾಗಿ ಮನೆ ನೋಡಲು ಬರುವವರು ಕಮ್ಮಿಯಾಗಲಿಲ್ಲ. ಸುಮ್ನೆ ನೋಡುವ ಚಟದವರು ಮಾತ್ರ ಹೋದರು. ಪೆಟ್ರೋಲ್ ಖರ್ಚು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಈಗ ಬರೀ ಫೋಟೋ ಕೆಲಸಕ್ಕೇ ಮನೆಗೆ ಎರಡು ಸಾವಿರ ತೆಗೆದುಕೊಳ್ಳುತ್ತೇನೆ, ಚೌಕಾಸಿ ಇಲ್ಲ.

ಗೋಕುಲಂನಲ್ಲಿ ಇದು ನಡೆಯಲಿಲ್ಲ. ಯೋಗ ಕಲಿಯಲು ಬರುವ ವಿದೇಶದವರು ವಿಮಾನ ಹತ್ತುವ ಮೊದಲೇ ಬಾತ್‌ರೂಮಿನ ಟ್ಯಾಪ್‌ವರೆಗೆ ಎಲ್ಲ ನೋಡಬೇಕು ಅಂತಾರೆ. ಅವರಿಗೆ ಟೈಮ್ ಕೊಟ್ಟು ವಿಡಿಯೋ ಕಾಲ್‌ನಲ್ಲಿ ತೋರಿಸುತ್ತೇನೆ. ಕಾಲ್ ಶುರು ಮಾಡುವುದು ಬಾಗಿಲು ತೆಗೆದ ಮೇಲೆ. ಡಿಜಿಟಲ್ ಲಾಕ್‌ಗೆ ಓನರ್ ನಂಬರ್ ಒತ್ತುವುದು, ಬೆರಳು ಸಮೇತ, ಎಷ್ಟು ವಿಡಿಯೋಗಳಲ್ಲಿ ಇದೆ ಗೊತ್ತಾ?

ಖಾಲಿ ಮನೆಗಳಲ್ಲಿ ಫೋಟೋಗಿಂತ ನಮ್ಮ ಬರವಣಿಗೆಯೇ ಜಾಸ್ತಿ ಅಪಾಯ. "ಓನರ್ ಅಮೆರಿಕದಲ್ಲಿದ್ದಾರೆ, ಯಾವಾಗ ಬೇಕಾದರೂ ನೋಡಬಹುದು" ಅಂತ ಹಾಕಿ, ಕೆಳಗೆ ಇನ್ವರ್ಟರ್ ಬ್ಯಾಟರಿ ಫೋಟೋ. ಕೀ ಎಲ್ಲಿ? ಮೀಟರ್ ಬಾಕ್ಸ್ ಒಳಗೆ. ನಾನು "ಬರುವ ಮೊದಲು ಫೋನ್ ಮಾಡಿ" ಅಂತಷ್ಟೇ ಬರೆಯುತ್ತೇನೆ.

ಇನ್ನೂ ಬಗೆಹರಿಯದಿರುವುದು ಮಾರಾಟ ಆದ ಮೇಲಿನ ಕಥೆ. ರಿಜಿಸ್ಟ್ರೇಷನ್ ದಿನವೇ ನನ್ನ ಲಿಸ್ಟಿಂಗ್ ತೆಗೆಯುತ್ತೇನೆ. ಆದರೆ ನಕಲು ಮಾಡಿಕೊಂಡವರು ತೆಗೆಯಬೇಕಲ್ಲ! ಸರಸ್ವತಿಪುರಂನ ಒಂದು ಮನೆಗೆ ಹೊಸಬರು ಬಂದು ವರ್ಷವಾಯಿತು, ಹಳೆ ವಿಡಿಯೋ ಇನ್ನೂ ಒಬ್ಬರ ಪೇಜ್‌ನಲ್ಲಿದೆ, ಹಿತ್ತಲ ಬಾಗಿಲ ಚಿಲಕ ಸಮೇತ. ಎಷ್ಟು ಸಲ ಫೋನ್ ಮಾಡಿದರೂ "ಆಯ್ತು ಸಾರ್, ಇವತ್ತೇ" ಅಂತಾರೆ. ಸೋಮವಾರ ಅವರ ಆಫೀಸಿಗೇ ಹೋಗಿ, ಎದುರಿಗೆ ಕೂತು ಡಿಲೀಟ್ ಮಾಡಿಸಿಕೊಂಡು ಬರುವವನಿದ್ದೇನೆ.